57 ವರ್ಷ ಸುಮ್ಮನಿದ್ದವನು

1954ರ ಜುಲೈ. ಉತ್ತರ ಇಟಲಿಯ ಸಾನ್ ಪೆಲ್ಲೆಗ್ರೀನೊ ಅನ್ನೋ ಊರಲ್ಲಿ ಸಾಹಿತಿಗಳ ಒಂದು ಸಮಾವೇಶ. ಆಗಲೇ ಹೆಸರು ಮಾಡಿದವರು ಒಬ್ಬೊಬ್ಬ ಹೊಸಬರನ್ನು ಕರೆತಂದು ಸಭೆಗೆ ಪರಿಚಯ ಮಾಡಿಕೊಡಬೇಕು, ಅಲ್ಲಿನ ಏರ್ಪಾಡು ಹಾಗಿತ್ತು. ಕವಿ ಮೊಂತಾಲೆ, ಅಂದರೆ ಮುಂದೆ 1975ರಲ್ಲಿ ನೊಬೆಲ್ ಪಡೆದವನು, ಪರಿಚಯಿಸಿದ್ದು ಲೂಚಿಯೊ ಪಿಕ್ಕೊಲೊ ಎಂಬ ಕವಿಯನ್ನು. ಯಾರೋ ಹುಡುಗ ಬರುತ್ತಾನೆ ಅಂತ ಮೊಂತಾಲೆ ಅಂದುಕೊಂಡಿದ್ದನಂತೆ. ಬಂದವನಿಗೆ 52 ವರ್ಷ, ಸಿಸಿಲಿಯ ಶ್ರೀಮಂತ ಮನೆತನದ ಬ್ಯಾರನ್. ಇವನು ಮೊದಲ ಸಲ ಕವಿತೆ ಕಳಿಸಿದಾಗ ಲಕೋಟೆ ಮೇಲೆ ಸಾಕಷ್ಟು ಅಂಚೆಚೀಟಿ ಹಚ್ಚಿರಲಿಲ್ಲ, ಮೊಂತಾಲೆಯೇ 180 ಲೀರಾ ದಂಡ ಕಟ್ಟಿ ಬಿಡಿಸಿಕೊಂಡಿದ್ದ.

ಆದರೆ ನಾನು ಹೇಳಹೊರಟಿದ್ದು ಈ ಕವಿಯ ವಿಷಯ ಅಲ್ಲ. ಕವಿಯ ಜೊತೆ ಇನ್ನಿಬ್ಬರು ರೈಲಿಳಿದು ಬಂದಿದ್ದರು. ಒಬ್ಬ ಮನೆಯ ಆಳು. ಇನ್ನೊಬ್ಬ ಕವಿಯ ದೊಡ್ಡಮ್ಮನ ಮಗ, 57 ವರ್ಷದ ದಪ್ಪ ಮನುಷ್ಯ, ಎತ್ತರ, ಕೈಯಲ್ಲಿ ಕೋಲು. ಅವನು ಯಾರ ಜೊತೆಗೂ ಹೆಚ್ಚು ಮಾತಾಡಲಿಲ್ಲ. ಬಂದ, ಕೂತ, ನೋಡಿದ, ವಾಪಸ್ ಹೋದ. ಅಲ್ಲಿದ್ದ ಸಾಹಿತಿಗಳಲ್ಲಿ ಜೊರ್ಜೊ ಬಸ್ಸಾನಿ ಎಂಬ ಕಥೆಗಾರನೂ ಒಬ್ಬ. ಅವನಿಗೆ ಈ ಮಾತಿಲ್ಲದ ಮನುಷ್ಯನ ಮುಖ ನೆನಪಲ್ಲಿ ಉಳಿಯಿತು, ಅಷ್ಟೇ. ಈ ಬಸ್ಸಾನಿಯನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತಾನೆ.

ಆ ಮಾತಿಲ್ಲದ ಮನುಷ್ಯನೇ ಜುಸೆಪ್ಪೆ ತೊಮಾಸಿ ದಿ ಲಾಂಪೆದೂಸ. ಬರೆದಿದ್ದು ಒಂದೇ ಕಾದಂಬರಿ, 'ಇಲ್ ಗಟ್ಟೊಪಾರ್ದೊ'. ಇಂಗ್ಲಿಷಲ್ಲಿ 'ದ ಲೆಪರ್ಡ್' ಅಂತ ಓದಿರುತ್ತೀರಿ, ಅಥವಾ ವಿಸ್ಕೊಂತಿಯ 1963ರ ಸಿನಿಮಾ ನೋಡಿರುತ್ತೀರಿ. (ಸುಮ್ನೆ ಒಂದು ಮಾತು: ಇಟಾಲಿಯನ್‌ನಲ್ಲಿ ಆ ಹೆಸರು ಚಿರತೆಯದ್ದಲ್ಲ, ಸರ್ವಲ್ ಅನ್ನೋ ಅದಕ್ಕಿಂತ ಚಿಕ್ಕ ಆಫ್ರಿಕನ್ ಕಾಡುಬೆಕ್ಕಿನದ್ದು. ಚಿರತೆ ಅಂತ ದೊಡ್ಡದಾಗಿ ಘರ್ಜಿಸುವ ಇಂಗ್ಲಿಷ್ ಹೆಸರಿಗಿಂತ ನನಗೆ ಈ ಬೆಕ್ಕೇ ಇಷ್ಟ.)

ಇವನ ಕಥೆ ನನ್ನನ್ನು ಕಾಡೋಕೆ ಕಾರಣ ಇದೆ. ನನ್ನ ಕಂಪ್ಯೂಟರಲ್ಲಿ ಒಂದು ಫೋಲ್ಡರ್ ಇದೆ, ಅದರೊಳಗೆ ಒಂದು ಐತಿಹಾಸಿಕ ಕಾದಂಬರಿಯ ಎರಡೂವರೆ ಅಧ್ಯಾಯ ಇದೆ. ಟಿಪ್ಪಣಿಗಳು ಮಾತ್ರ ಬೆಟ್ಟದಷ್ಟು. ಆ ಕಾಲದಲ್ಲಿ ದೀಪಕ್ಕೆ ಯಾವ ಎಣ್ಣೆ, ಬಾಗಿಲಿಗೆ ಎಂಥ ಚಿಲಕ, ಎಲ್ಲ ಇದೆ. ಕಥೆ ಇಲ್ಲ. ಮೂರನೇ ಅಧ್ಯಾಯದ ನಡುವೆ ಒಬ್ಬಳು ಹೆಂಗಸು ಬಾಗಿಲು ತೆಗೆಯೋಕೆ ಅಂತ ಎದ್ದವಳು ವರ್ಷಗಳಿಂದ ಹಾಗೇ ನಿಂತಿದ್ದಾಳೆ. ಪಾಪ. "ಇನ್ನು ಯಾವಾಗ ಬರೀತೀಯಾ, ವಯಸ್ಸಾಯ್ತಲ್ಲ" ಅಂತ ಯಾರಾದರೂ ಕೇಳಿದಾಗೆಲ್ಲ ನಾನು ಲಾಂಪೆದೂಸನ ಹೆಸರು ಹೇಳಿ ಬಾಯಿ ಮುಚ್ಚಿಸುತ್ತಿದ್ದೆ. ಅವನು 58ಕ್ಕೆ ಶುರು ಮಾಡಿದ, ನನಗಿನ್ನೂ ಟೈಮಿದೆ ಅಂತ. ಈ ಸಲ ಅವನ ಬದುಕಿನ ಬಗ್ಗೆ ಸ್ವಲ್ಪ ಕೂತು ಓದಿದೆ ನೋಡಿ, ಆ ನೆಪ ಕೈಬಿಟ್ಟುಹೋಯಿತು. ಅವನು ತಡ ಮಾಡಿದವನೇ ಅಲ್ಲ. ಅವನ ಮಾತು ಕೇಳೋಕೆ ಯಾರೂ ಇರಲಿಲ್ಲ, ಅಷ್ಟೇ. ಯಾಕೆ ಹೀಗಂತೀನಿ ಅನ್ನೋದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹುಟ್ಟಿದ್ದು 1896ರ ಡಿಸೆಂಬರ್ 23, ಸಿಸಿಲಿಯ ಪಲೆರ್ಮೊದಲ್ಲಿ, ಲಾಂಪೆದೂಸ ಅರಮನೆಯಲ್ಲಿ. ಒಬ್ಬ ಅಕ್ಕ ಇದ್ದಳು, ಇವನು ಹುಟ್ಟಿದ ಮುಂದಿನ ತಿಂಗಳೇ ಗಂಟಲುಮಾರಿಯಿಂದ ತೀರಿಹೋದಳು. ಹಾಗಾಗಿ ಒಬ್ಬನೇ ಮಗ, ತಾಯಿಯ ಕಣ್ಣೆದುರೇ ಇರಬೇಕಾದ ಮಗ. ಪ್ರಿನ್ಸ್ ಅನ್ನೋ ಬಿರುದು ಇತ್ತು, ದುಡ್ಡು ಇರಲಿಲ್ಲ. ಹೆಸರಿಗೆ ಅಂಟಿಕೊಂಡಿರೋ ಲಾಂಪೆದೂಸ ದ್ವೀಪವನ್ನು ಮುತ್ತಜ್ಜನ ಕಾಲದಲ್ಲೇ, 1840ರ ದಶಕದಲ್ಲಿ, ನೇಪಲ್ಸಿನ ರಾಜನಿಗೆ ಮಾರಿಯಾಗಿತ್ತು. ಆ ಮುತ್ತಜ್ಜ ಸರಿಯಾದ ಉಯಿಲು ಬರೆಯದೆ ತೀರಿಕೊಂಡಿದ್ದರಿಂದ ಉಳಿದ ಆಸ್ತಿಯ ಮೇಲೆ ದಾಯಾದಿಗಳ ವ್ಯಾಜ್ಯ ಹತ್ತಾರು ವರ್ಷ ಎಳೆಯಿತು. ಇದೆಲ್ಲ ನಮಗೇನೂ ಹೊಸದಲ್ಲ, ಅಲ್ವಾ? ದೊಡ್ಡ ಮನೆ, ದೊಡ್ಡ ಹೆಸರು, ಕೋರ್ಟಲ್ಲಿ ಕೇಸು.

ಕಾನೂನು ಓದೋಕೆ ಸೇರಿದ, ಮುಗಿಸಲಿಲ್ಲ. ಮೊದಲ ಮಹಾಯುದ್ಧದಲ್ಲಿ ಫಿರಂಗಿ ದಳದಲ್ಲಿದ್ದು 1917ರಲ್ಲಿ ಕಪೊರೆತ್ತೊದ ಸೋಲಿನ ಹೊತ್ತಿಗೆ ಶತ್ರುಗಳ ಕೈಗೆ ಸಿಕ್ಕಿದ. ಹಂಗೇರಿಯ ಸೆರೆಶಿಬಿರದಿಂದ ಒಮ್ಮೆ ತಪ್ಪಿಸಿಕೊಳ್ಳೋಕೆ ಹೋಗಿ ಸಿಕ್ಕಿಬಿದ್ದು, ಆಮೇಲೆ ಮತ್ತೆ ತಪ್ಪಿಸಿಕೊಂಡು ಊರು ಸೇರಿದ. ಇನ್ನೊಬ್ಬ ಬರಹಗಾರನಾಗಿದ್ದರೆ ಇಷ್ಟರ ಮೇಲೇ ಮೂರು ಪುಸ್ತಕ ಬರೆದು ಬಿಸಾಕುತ್ತಿದ್ದ. ಇವನು ಇದರ ಬಗ್ಗೆ ಬರೆಯೋ ಗೋಜಿಗೇ ಹೋಗಲಿಲ್ಲ. 1920ರ ದಶಕದಲ್ಲಿ ಒಂದು ಪತ್ರಿಕೆಗೆ ಮೂರು ಲೇಖನ ಕೊಟ್ಟಿದ್ದ, ಅಲ್ಲಿಗೆ ಪ್ರಕಟಣೆ ಮುಗಿಯಿತು. ಆಮೇಲೆ ಕಾಲು ಶತಮಾನಕ್ಕೂ ಜಾಸ್ತಿ ಕಾಲ ಒಂದಕ್ಷರ ಇಲ್ಲ.

ಓದುತ್ತಿದ್ದ. ಅದೊಂದೇ ಕೆಲಸ. ಫ್ರೆಂಚ್, ಇಂಗ್ಲಿಷ್, ಜರ್ಮನ್ ಪುಸ್ತಕಗಳನ್ನು ಆಯಾ ಭಾಷೆಯಲ್ಲೇ ಓದುವಷ್ಟು ಕಲಿತಿದ್ದ. ಪಿಕ್ಕೊಲೊ ಮನೆಯ ತಮ್ಮಂದಿರು ಇವನಿಗೆ ಇಟ್ಟಿದ್ದ ಅಡ್ಡಹೆಸರು 'ರಾಕ್ಷಸ', ಪುಸ್ತಕಗಳನ್ನು ಆ ಪರಿ ನುಂಗುತ್ತಾನೆ ಅಂತ. ಬೆಳಗ್ಗೆ ಎದ್ದು ಪಲೆರ್ಮೊದ ಒಂದು ಬೇಕರಿ ಕೆಫೆಯಲ್ಲಿ ತಿಂಡಿ, ಅಲ್ಲಿಂದ ಪುಸ್ತಕದಂಗಡಿ, ಅಲ್ಲಿಂದ ಇನ್ನೊಂದು ಕೆಫೆ. ಹೆಗಲಿಗೆ ಒಂದು ಚರ್ಮದ ಚೀಲ, ಅದರಲ್ಲಿ ಪುಸ್ತಕಗಳ ಜೊತೆ ಕೇಕುಗಳೂ ತುಂಬಿಕೊಂಡಿರುತ್ತಿದ್ದವು. ಶೇಕ್ಸ್‌ಪಿಯರ್‌ನ ಒಂದು ಸಂಪುಟ ಯಾವಾಗಲೂ ಜೊತೆಗೆ. ದಾರಿಯಲ್ಲಿ ಏನಾದರೂ ಅಸಹ್ಯ ಕಂಡರೆ ತೆಗೆದು ಓದಿ ಸಮಾಧಾನ ಮಾಡಿಕೊಳ್ಳೋಕೆ ಅಂತ ಹೆಂಡತಿ ಆಮೇಲೆ ನೆನಪಿಸಿಕೊಂಡಿದ್ದಾರೆ. ಊರಿನವರ ಕಣ್ಣಿಗೆ ಇವನೊಬ್ಬ ಕೆಲಸವಿಲ್ಲದ ಪ್ರಿನ್ಸ್. ಅವರನ್ನು ತಪ್ಪು ಅನ್ನೋಕಾಗಲ್ಲ, ನಾನಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ.

ಹೆಂಡತಿಯ ವಿಷಯ ಬಂತು. ಅಲೆಕ್ಸಾಂಡ್ರಾ, ಮನೆಯವರ ಬಾಯಲ್ಲಿ ಲಿಸಿ. ಲಾಟ್ವಿಯಾದ ದೊಡ್ಡ ಮನೆತನದ ಹೆಣ್ಣುಮಗಳು, ಮನೋವಿಶ್ಲೇಷಕಿ. ಇಟಲಿಯಲ್ಲಿ ಆ ವಿದ್ಯೆ ಬೇರೂರಿಸಿದವರಲ್ಲಿ ಒಬ್ಬರು. ಲಂಡನ್ನಿನಲ್ಲಿ ಪರಿಚಯ, 1932ರಲ್ಲಿ ರೀಗಾದಲ್ಲಿ ಮದುವೆ. ಅತ್ತೆ ಸೊಸೆಗೆ ಒಂದು ದಿನವೂ ಸರಿಬರಲಿಲ್ಲ. ಇವನು ತಾಯಿಯನ್ನೂ ಬಿಡಲಿಲ್ಲ, ಹೆಂಡತಿಯನ್ನೂ ಬಿಡಲಿಲ್ಲ. ಹಾಗಾಗಿ ಎಷ್ಟೋ ವರ್ಷ ಲಿಸಿ ಲಾಟ್ವಿಯಾದಲ್ಲಿ, ಇವನು ಪಲೆರ್ಮೊದಲ್ಲಿ, ನಡುವೆ ಫ್ರೆಂಚಿನಲ್ಲಿ ಕಾಗದಗಳು. ಯುದ್ಧ ಬಂದು ಅವಳ ಊರು ಕೈತಪ್ಪಿದ ಮೇಲೆಯೇ ಇಬ್ಬರೂ ನೆಟ್ಟಗೆ ಒಂದೇ ಸೂರಿನಡಿ ಬಾಳಿದ್ದು.

ಆ ಸೂರು ಮಾತ್ರ ಹುಟ್ಟಿದ ಮನೆಯದ್ದಾಗಿರಲಿಲ್ಲ. 1943ರ ಏಪ್ರಿಲ್ 5ರಂದು ಅಮೆರಿಕದ ಬಾಂಬುಗಳು ಲಾಂಪೆದೂಸ ಅರಮನೆಯನ್ನು ಕೆಡವಿ ಹಾಕಿದವು. ಹಾಳಾದ ಮನೆ ನೋಡಿ ಇವನು ಕಾಲ್ನಡಿಗೆಯಲ್ಲೇ ಊರಾಚೆಯ ನೆಂಟರ ಮನೆಗೆ ಹೋಗಿ, ಮೈಯೆಲ್ಲ ಧೂಳು ಮೆತ್ತಿಕೊಂಡು, ಮೂರು ದಿನ ಮಾತಾಡದೆ ಕೂತಿದ್ದ ಅಂತ ಹೇಳುತ್ತಾರೆ. ಆಮೇಲೆ ಬರೆದ ಬಾಲ್ಯದ ನೆನಪುಗಳಲ್ಲಿ ಆ ಮನೆಯ ಬಗ್ಗೆ ಒಂದು ಮಾತು ಬರುತ್ತದೆ. ತಾನು ಹುಟ್ಟಿದ ಕೋಣೆಯಲ್ಲೇ ದೊಡ್ಡವನಾದ ಮೇಲೂ ಮಲಗುತ್ತಿದ್ದೆ, ತಾಯಿ ಹೆತ್ತ ಮಂಚ ಇದ್ದ ಜಾಗದಿಂದ ಕೆಲವೇ ಹೆಜ್ಜೆ ದೂರ, ಸಾಯೋದೂ ಅಲ್ಲೇ ಅಂತ ನಂಬಿ ಸುಖವಾಗಿದ್ದೆ, ಅಂತ. ನಾನು ಆ ಪುಟ ಓದಿ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಯುದ್ಧ ಮುಗಿಯೋ ಹೊತ್ತಿಗೆ ರೆಡ್ ಕ್ರಾಸ್‌ನಲ್ಲಿ ಸ್ವಲ್ಪ ದಿನ ಅಧ್ಯಕ್ಷಗಿರಿ, 1946ರಲ್ಲಿ ತಾಯಿಯ ಸಾವು, ಸಮುದ್ರದ ಕಡೆಗೆ ಮುಖ ಮಾಡಿದ ಇನ್ನೊಂದು ಮನೆ. ಇದನ್ನೆಲ್ಲ ಬೇಗ ದಾಟಿಬಿಡೋಣ.

ನನಗೆ ಮುಖ್ಯ ಅನ್ನಿಸೋದು 1953. ಆ ವರ್ಷ ಫ್ರಾಂಚೆಸ್ಕೊ ಒರ್ಲಾಂದೊ ಎಂಬ ಕಾಲೇಜು ಹುಡುಗನಿಗೆ ಇವನು ಇಂಗ್ಲಿಷ್ ಹೇಳಿಕೊಡೋಕೆ ಶುರು ಮಾಡಿದ. ಮೊದಲು ಭಾಷೆ, ಆಮೇಲೆ ಸಾಹಿತ್ಯ. ಇನ್ನೂ ಕೆಲವು ಹುಡುಗರು ಸೇರಿಕೊಂಡರು. ಅವರಲ್ಲಿ ದೂರದ ನೆಂಟರ ಹುಡುಗ ಜೊವಾಕ್ಕಿನೊ ಲಾಂಜಾನೂ ಒಬ್ಬ, ಮುಂದೆ 1956ರಲ್ಲಿ ಅವನನ್ನೇ ದತ್ತು ತೆಗೆದುಕೊಂಡ. ಫೀಸಿಲ್ಲ, ಪರೀಕ್ಷೆಯಿಲ್ಲ, ಸರ್ಟಿಫಿಕೇಟಿಲ್ಲ. ಈ ಮೂರ್ನಾಲ್ಕು ಹುಡುಗರಿಗೋಸ್ಕರ ಇವನು ಇಂಗ್ಲಿಷ್ ಸಾಹಿತ್ಯದ ಬಗ್ಗೆ ಕೈಬರಹದಲ್ಲಿ ಸಾವಿರ ಪುಟದ ಆಸುಪಾಸು ಪಾಠ ಬರೆದ. ಸಾವಿರ ಪುಟ! ಕಾದಂಬರಿ ಅದರ ಅರ್ಧದಷ್ಟೂ ಇಲ್ಲ.

ಆ ಪಾಠಗಳಲ್ಲಿ ಬರಹಗಾರರನ್ನು ಎರಡು ಪಂಗಡ ಮಾಡುತ್ತಿದ್ದ, ದಪ್ಪಗಿನವರು ಮತ್ತು ತೆಳ್ಳಗಿನವರು. ದಪ್ಪಗಿನವರು ಎಲ್ಲವನ್ನೂ ಬಿಡಿಸಿ ಹೇಳುವವರು. ತೆಳ್ಳಗಿನವರು ಸ್ವಲ್ಪ ಹೇಳಿ ಉಳಿದಿದ್ದನ್ನು ಓದುಗರಿಗೆ ಬಿಡುವವರು. ಫ್ರೆಂಚ್ ಕಾದಂಬರಿಕಾರ ಸ್ತಾಂದಾಲ್ ತೆಳ್ಳಗಿನವನು, ಇವನಿಗೆ ಪರಮ ಪ್ರಿಯ. ಇಷ್ಟು ಹೇಳಿದ ಮೇಷ್ಟರು ಮಾತ್ರ ಕೇಕು ತಿಂದು ತಿಂದು ದಪ್ಪಗಿದ್ದರು ಅನ್ನೋದು ಬೇರೆ ಮಾತು. ನನ್ನ ಎರಡೂವರೆ ಅಧ್ಯಾಯವನ್ನು ಈ ತಕ್ಕಡಿಗೆ ಹಾಕಿ ನೋಡಿದೆ. ಬೊಜ್ಜು ಬಂದಿದೆ. ಚಿಲಕದ ವರ್ಣನೆಯೇ ಒಂದು ಪುಟ.

ನನ್ನ ಪ್ರಕಾರ ಕಾದಂಬರಿಗೆ ದಾರಿಯಾಗಿದ್ದು ಈ ಪಾಠ. ಐವತ್ತು ವರ್ಷ ಓದಿದ್ದನ್ನು ಮೊದಲ ಸಲ ಯಾರೋ ಎದುರಿಗೆ ಕೂತು ಕೇಳಿದರು. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು, ಹುಡುಗರು ಎಲ್ಲಿ ಆಕಳಿಸುತ್ತಾರೆ, ಎಲ್ಲಿ ಮುಂದಕ್ಕೆ ಬಾಗುತ್ತಾರೆ, ಇದೆಲ್ಲ ಗೊತ್ತಾಯಿತು. ಮಾತಿಲ್ಲದವನಿಗೆ ದಿನಾ ಕೂತು ಬರೆಯೋ ಅಭ್ಯಾಸ ಆಗಿದ್ದೂ ಹೀಗೇ. ಕಿಡಿ ಹತ್ತಿಸಿದ್ದು ಮಾತ್ರ ಬೇರೆ, ಅದನ್ನು ಅವನೇ ಒಬ್ಬ ಸ್ನೇಹಿತನಿಗೆ ಕಾಗದದಲ್ಲಿ ಒಪ್ಪಿಕೊಂಡಿದ್ದಾನೆ. ಲೂಚಿಯೊಗಿಂತ ನಾನೇನೂ ದಡ್ಡನಲ್ಲ ಅನ್ನೋದು ಲೆಕ್ಕದಷ್ಟೇ ಖಚಿತವಾಗಿದ್ದರಿಂದ ಕೂತು ಕಾದಂಬರಿ ಬರೆದೆ, ಅನ್ನೋ ಅರ್ಥದ ಮಾತು. ತಮ್ಮನಿಗೆ ಸಿಕ್ಕ ಚಪ್ಪಾಳೆ ಅಣ್ಣನಿಗೆ ಚುಚ್ಚಿತು. ಅಪ್ಪಟ ಹೊಟ್ಟೆಕಿಚ್ಚು. ಮಹಾಕೃತಿಗಳು ದೊಡ್ಡ ದೊಡ್ಡ ಕಾರಣಕ್ಕೆ ಹುಟ್ಟುತ್ತವೆ ಅಂತ ನಂಬಿಕೊಂಡಿದ್ದ ನನಗೆ ಇದನ್ನು ಓದಿ ಎಷ್ಟು ಖುಷಿಯಾಯಿತು ಅಂದರೆ, ನನಗೆ ಯಾರ ಮೇಲೆಲ್ಲ ಹೊಟ್ಟೆಕಿಚ್ಚಿದೆ ಅಂತ ಮನಸ್ಸಲ್ಲೇ ಪಟ್ಟಿ ಮಾಡಿದೆ. ಉದ್ದ ಇದೆ.

1954ರ ಕೊನೆಗೆ ಶುರು. ಕೆಫೆಯ ಮೇಜಿನಲ್ಲಿ ಕೂತು ಬರೆಯುತ್ತಿದ್ದ. 1860ರ ಮೇ ತಿಂಗಳಲ್ಲಿ, ಚೂರುಚೂರಾಗಿದ್ದ ಇಟಲಿಯನ್ನು ಒಂದು ಮಾಡೋಕೆ ಹೊರಟಿದ್ದ ಗರಿಬಾಲ್ದಿ ತನ್ನ ಪಡೆ ಕಟ್ಟಿಕೊಂಡು ಸಿಸಿಲಿಯ ಮರ್ಸಾಲಾದಲ್ಲಿ ಇಳಿದ. ಆ ಒಂದೇ ದಿನದ 24 ಗಂಟೆಗಳಲ್ಲಿ ಒಬ್ಬ ಪ್ರಿನ್ಸ್‌ನ ಕಥೆ ಹೇಳಬೇಕು ಅನ್ನೋದು ಮೊದಲ ಯೋಚನೆ. ಅದು ಆಗಲ್ಲ ಅಂತ ಬೇಗ ಗೊತ್ತಾಯಿತು. ಕೊನೆಗೆ ಎಂಟು ಭಾಗ ಆಯಿತು, 1860ರಿಂದ 1910ರವರೆಗೆ. ಆದರೆ ಬರವಣಿಗೆಯಲ್ಲಿ ಆ ಒಂದು ದಿನದ ಗುಣ ಉಳಿದುಬಿಟ್ಟಿದೆ. 50 ವರ್ಷದ ಕಥೆ ಅಂದರೆ ನಾವು ವಂಶವೃಕ್ಷ, ಯುದ್ಧ, ಹತ್ತು ಮದುವೆ ಅಂತ ಹೊರಡುತ್ತೇವೆ. ಇವನು ಒಂದೊಂದು ತಿಂಗಳನ್ನು ಹಿಡಿದು ನಿಲ್ಲಿಸುತ್ತಾನೆ. 1862ರ ನವೆಂಬರ್ ಆದ ಮೇಲೆ ಮುಂದಿನ ಭಾಗ ನೇರ 1883ರ ಜುಲೈ. ನಡುವಿನ 20 ವರ್ಷ ಏನಾಯಿತು? ನೀವೇ ಊಹಿಸಿ. ತೆಳ್ಳಗಿನವರ ಪಂಗಡ ಅಂದನಲ್ಲ, ಇದೇ.

ಕಥಾನಾಯಕನ ಹಿಂದಿರೋದು ಅದೇ ಉಯಿಲು ಬರೆಯದ ಮುತ್ತಜ್ಜ. ದುರ್ಬೀನು ಇಟ್ಟುಕೊಂಡು ಆಕಾಶ ನೋಡುತ್ತಿದ್ದ ಖಗೋಳಪ್ರಿಯ ಪ್ರಿನ್ಸ್. ಕಾದಂಬರಿಯ ದೊನ್ನಫುಗಾತ ಅರಮನೆಗೆ ಮಾದರಿ, ಸಾಂತಾ ಮಾರ್ಗರೀತಾದಲ್ಲಿದ್ದ ತಾಯಿಯ ತವರು ಮನೆ, ಬಾಲ್ಯದ ಬೇಸಿಗೆಗಳೆಲ್ಲ ಕಳೆದ ಮನೆ. ಅದೂ ಉಳಿಯಲಿಲ್ಲ, 1968ರ ಭೂಕಂಪದಲ್ಲಿ ನೆಲಕಚ್ಚಿತು. ಅಂದರೆ ಕಾದಂಬರಿ ಬಂದು ಹತ್ತು ವರ್ಷಕ್ಕೆ. ನನ್ನಂಥವರು ಇತಿಹಾಸವನ್ನು ಲೈಬ್ರರಿಯಿಂದ ಹೊತ್ತು ತರುತ್ತೇವೆ. ಇವನಿಗೆ ಅದು ಮನೆಯೊಳಗಿನ ವಾಸನೆ. ಅದಕ್ಕೇ ಆ ಪುಸ್ತಕದಲ್ಲಿ ಎಲ್ಲೂ "ಆ ಕಾಲದಲ್ಲಿ ಹೀಗಿತ್ತು" ಅನ್ನೋ ಪಾಠ ಮಾಡೋ ದನಿ ಇಲ್ಲ.

ದಾಖಲೆಗಳಿಂದ ಎತ್ತಿಕೊಂಡದ್ದು ಇಲ್ಲವೇ ಇಲ್ಲ ಅಂತಲ್ಲ. ಎತ್ತಿಕೊಂಡ ರೀತಿ ನೋಡಬೇಕು. 1860ರ ಅಕ್ಟೋಬರ್ 21ರಂದು ಸಿಸಿಲಿಯಲ್ಲಿ ಜನಮತ ನಡೆಯಿತು, ಒಂದಾದ ಇಟಲಿಗೆ ಸೇರಬೇಕಾ ಬೇಡವಾ ಅಂತ. ಇಡೀ ದ್ವೀಪದ ಲೆಕ್ಕ: ಬೇಕು ಅಂದವರು 4,32,053, ಬೇಡ ಅಂದವರು 667. ಈ ಅಂಕಿ ನೋಡಿ ಇತಿಹಾಸಕಾರರು ಹುಬ್ಬೇರಿಸುತ್ತಾರೆ, ಒಂದು ಪ್ಯಾರಾ ಬರೆದು ಮುಂದಕ್ಕೆ ಹೋಗುತ್ತಾರೆ. ಲಾಂಪೆದೂಸ ಅದನ್ನು ಒಂದು ಹಳ್ಳಿಗೆ ಇಳಿಸಿದ. ದೊನ್ನಫುಗಾತದಲ್ಲಿ ಮತದಾರರು 515, ಮತ ಹಾಕಿದವರು 512, ಬೇಕು 512, ಬೇಡ ಸೊನ್ನೆ. ಮೇಯರ್ ಗತ್ತಿನಿಂದ ಓದಿ ಹೇಳುತ್ತಾನೆ, ಬ್ಯಾಂಡು ಬಾರಿಸುತ್ತಾರೆ. ಆಮೇಲೊಂದು ದಿನ ಪ್ರಿನ್ಸ್ ಬೇಟೆಗೆ ಹೋಗುತ್ತಾನೆ, ಜೊತೆಗೆ ಚರ್ಚಿನಲ್ಲಿ ಆರ್ಗನ್ ನುಡಿಸುವ ಬಡಪಾಯಿ ಚಿಚ್ಚೊ ತುಮೇಯೊ. ನೀನೇನು ಹಾಕಿದೆ ಅಂತ ಪ್ರಿನ್ಸ್ ಕೇಳಿದಾಗ ಅವನು ಸಿಡಿಯುತ್ತಾನೆ. ನಾನು ಬೇಡ ಅಂತಲೇ ಹಾಕಿದ್ದೆ, ಆ ಹಂದಿಗಳು ನನ್ನ ಮತ ನುಂಗಿ ಬೇಕು ಮಾಡಿಕೊಂಡರು ಅಂತ. ಅಷ್ಟೇ. ಹೊಸ ರಾಜ್ಯ ಹುಟ್ಟಿದ ದಿನವೇ ಅದರ ತೊಟ್ಟಿಲಲ್ಲಿ ಏನು ಹೂತಿಟ್ಟರು ಅನ್ನೋದು ಆ ಒಂದು ಸೊನ್ನೆಯಲ್ಲಿ ಕಾಣುತ್ತದೆ. ಎಲ್ಲ ಹಾಗೇ ಇರಬೇಕು ಅಂದರೆ ಎಲ್ಲ ಬದಲಾಗಬೇಕು ಅನ್ನೋ ಮಾತನ್ನೇ ಎಲ್ಲರೂ ಈ ಪುಸ್ತಕದಿಂದ ಎತ್ತಿ ಹೇಳುತ್ತಾರೆ, ರಾಜಕೀಯ ಅಂಕಣಗಳಲ್ಲಿ ಅದನ್ನು ಸವೆಸಿಬಿಟ್ಟಿದ್ದಾರೆ. ನನಗೆ ಆ ಮಾತಿಗಿಂತ ಈ ಸೊನ್ನೆ ದೊಡ್ಡದು.

ಇನ್ನೊಂದು ಜಾಗ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. 1862ರ ಒಂದು ಔತಣಕೂಟ. ದೀಪ, ಸಂಗೀತ, ಕುಣಿತ. ಪ್ರಿನ್ಸ್ ತಲೆಯೆತ್ತಿ ನೋಡಿದರೆ ಚಾವಣಿಯಲ್ಲಿ ಚಿತ್ರಿಸಿದ ದೇವತೆಗಳು ನಗುತ್ತಿದ್ದಾರೆ, ತಾವು ಶಾಶ್ವತ ಅಂದುಕೊಂಡು. ಅಷ್ಟರಲ್ಲಿ ಲೇಖಕ ನಡುವೆ ಬಾಯಿ ಹಾಕುತ್ತಾನೆ. 1943ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ತಯಾರಾದ ಒಂದು ಬಾಂಬು ಅವರ ನಂಬಿಕೆ ಸುಳ್ಳು ಮಾಡಲಿತ್ತು ಅಂತ. ಐತಿಹಾಸಿಕ ಕಾದಂಬರಿಯಲ್ಲಿ ಹೀಗೆ ಮಾಡಬಾರದು, ಓದುಗರನ್ನು ಆ ಕಾಲದಿಂದ ಎಳೆದು ಹೊರಗೆ ಹಾಕಬಾರದು ಅಂತ ಎಲ್ಲ ಕಮ್ಮಟಗಳಲ್ಲೂ ಹೇಳಿಕೊಡುತ್ತಾರೆ. ನಾನೂ ಅದನ್ನೇ ನಂಬಿದ್ದೆ. ಆದರೆ ಆ ಬಾಂಬು ಬಿದ್ದಿದ್ದು ಯಾರ ಮನೆ ಮೇಲೆ ಅಂತ ಗೊತ್ತಿದ್ದವರಿಗೆ ಆ ಸಾಲು ನಿಯಮ ಮುರಿದ ಹಾಗೆ ಕಾಣಲ್ಲ. ಮೂರು ದಿನ ಮಾತಾಡದೆ ಕೂತಿದ್ದನಲ್ಲ, ಆ ಮಾತು ಹನ್ನೆರಡು ಹದಿಮೂರು ವರ್ಷ ಬಿಟ್ಟು ಇಲ್ಲಿ ಬಂತು ಅನ್ನಿಸುತ್ತದೆ.

1956ರಲ್ಲಿ ಇವನು ಓದಿ ಹೇಳಿದ, ಒರ್ಲಾಂದೊ ಟೈಪ್ ಮಾಡಿದ. ಪಾಠ ಕೇಳಿದ ಹುಡುಗನೇ ಮೊದಲ ಓದುಗ. ಪ್ರತಿಯನ್ನು ಮೊಂದದೊರಿ ಪ್ರಕಾಶನಕ್ಕೆ ಕಳಿಸಿದರು, ಎಲ್ಲ ಭಾಗ ಒಟ್ಟಿಗೆ ಅಲ್ಲ, ಕಂತಿನಲ್ಲಿ. ವರ್ಷದ ಕೊನೆಗೆ ಬೇಡ ಅಂತ ಉತ್ತರ ಬಂತು. ಆಮೇಲೆ ಎಯ್ನಾವ್ದಿ ಪ್ರಕಾಶನದ ಒಂದು ಸರಣಿಗೆ ಪುಸ್ತಕ ಆರಿಸುತ್ತಿದ್ದ ಎಲಿಯೊ ವಿತ್ತೊರೀನಿಗೆ ಹೋಯಿತು. ಅವನು ದೊಡ್ಡ ಕಾದಂಬರಿಕಾರ, ಅವನೂ ಸಿಸಿಲಿಯವನೇ. ಅಲ್ಲೂ ಬೇಡ.

ವಿತ್ತೊರೀನಿಯನ್ನು ಎಲ್ಲರೂ ಈ ಕಥೆಯ ಖಳನಾಯಕ ಮಾಡುತ್ತಾರೆ. ನನಗೆ ಅದು ಅಷ್ಟು ಸರಿ ಕಾಣಲ್ಲ. ಅವನು ಹುಡುಕುತ್ತಿದ್ದದ್ದು ಹೊಸ ರೀತಿಯ ಬರಹ, ಯುದ್ಧ ಕಂಡು ಬಂದ ಹುಡುಗರದ್ದು. ಅವನ ಮೇಜಿನ ಮೇಲೆ ಬಂದು ಬಿದ್ದದ್ದು ಪ್ರಿನ್ಸ್ ಒಬ್ಬ ಪ್ರಿನ್ಸ್ ಬಗ್ಗೆ ಬರೆದ, ಹಿಂದಿನ ಶತಮಾನದ್ದು ಅನ್ನಿಸೋ ಕಾದಂಬರಿ. ಆ ಸರಣಿಗೆ ಅದು ಒಗ್ಗುತ್ತಿರಲಿಲ್ಲ. ಓದದೆಯೂ ತಳ್ಳಲಿಲ್ಲ, ಕೂತು ಓದಿ ವಿವರವಾದ ಕಾಗದವನ್ನೇ ಬರೆದ. ಆ ಕಾಗದ ಬಂದ ಹೊತ್ತು ಮಾತ್ರ ಕೆಟ್ಟದು.

ಯಾಕೆಂದರೆ 1957ರ ವಸಂತದಲ್ಲಿ ಲಾಂಪೆದೂಸನಿಗೆ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾಗಿತ್ತು. ಚಿಕಿತ್ಸೆಗೆ ರೋಮ್‌ಗೆ ಹೋಗಿದ್ದ. ವಿತ್ತೊರೀನಿಯ ಕಾಗದ ಕೈಸೇರಿದ್ದು ಅಲ್ಲಿ, ಜುಲೈನಲ್ಲಿ. ವಿಮರ್ಶೆ ಅಂತ ನೋಡಿದರೆ ಪರವಾಗಿಲ್ಲ, ಪ್ರಕಟಣೆ ಮಾತ್ರ ಇಲ್ಲ ಅಂದನಂತೆ ಲಾಂಪೆದೂಸ. ಕೆಲವೇ ದಿನಕ್ಕೆ, ಜುಲೈ 23ರಂದು, ನಾದಿನಿಯ ಮನೆಯಲ್ಲಿ ತೀರಿಕೊಂಡ. ವಯಸ್ಸು 60. ಹುಟ್ಟಿದ ಕೋಣೆಯಲ್ಲಿ ಸಾಯಬೇಕು ಅಂದುಕೊಂಡಿದ್ದವನು. ಕಾದಂಬರಿಯ ಪ್ರಿನ್ಸ್ ಕೂಡ ಸಾಯೋದು ಜುಲೈ ತಿಂಗಳಲ್ಲೇ, ತನ್ನ ಮನೆಗೆ ತಲುಪಲಾರದೆ, ಒಂದು ಹೋಟೆಲ್ ಕೋಣೆಯಲ್ಲಿ. ಅದನ್ನು ಬರೆದಾಗ ಇವನಿಗೆ ಕಾಯಿಲೆಯ ಸುಳಿವೂ ಇರಲಿಲ್ಲ. ಇಂಥದ್ದನ್ನೆಲ್ಲ ನಾನೇ ಕಾದಂಬರಿಯಲ್ಲಿ ಬರೆದಿದ್ದರೆ ಜಾಸ್ತಿಯಾಯಿತು ಅಂತ ಹೊಡೆದು ಹಾಕುತ್ತಿದ್ದೆ.

ಸಾಯೋ ಮುಂಚೆ ಮನೆಯವರಿಗೆ ಬರೆದಿಟ್ಟದ್ದರಲ್ಲಿ ಕಾದಂಬರಿಯ ಬಗ್ಗೆಯೂ ಇದೆ. ಪ್ರಕಟಿಸೋಕೆ ಆದಷ್ಟು ಪ್ರಯತ್ನ ಮಾಡಿ, ಆದರೆ ನಿಮ್ಮ ಕೈಯಿಂದ ಖರ್ಚು ಹಾಕಿ ಅಚ್ಚು ಮಾಡಿಸಬೇಡಿ, ಅದು ನನಗೆ ದೊಡ್ಡ ಅವಮಾನ ಅಂತ. ಮನೆ ಹೋಯಿತು, ದುಡ್ಡು ಹೋಯಿತು, ಜೀವ ಹೋಗ್ತಾ ಇದೆ, ಆದರೂ ಆ ಗತ್ತು! ಸ್ವಂತ ದುಡ್ಡಲ್ಲಿ ಪುಸ್ತಕ ತರೋದು ನನ್ನ ಲೆಕ್ಕದಲ್ಲಿ ಅವಮಾನವೇನಲ್ಲ, ಎಷ್ಟೋ ಒಳ್ಳೆಯ ಪುಸ್ತಕ ಬಂದಿದ್ದೇ ಹಾಗೆ. ಆದರೆ ಇವನು ಕಾಯುತ್ತಿದ್ದದ್ದು ಅಚ್ಚಿಗಲ್ಲ. ಗುರುತಿಲ್ಲದ ಒಬ್ಬರು ಯಾರಾದರೂ ಓದಿ ಇದು ಬೇಕು ಅನ್ನಬೇಕಿತ್ತು.

ಅಂದರು. ಯಾರ್ಯಾರ ಕೈ ದಾಟಿಯೋ ಒಂದು ಪ್ರತಿ ತತ್ವಜ್ಞಾನಿ ಬೆನೆದೆತ್ತೊ ಕ್ರೋಚೆಯ ಮಗಳು ಎಲೆನಾಳ ಮನೆ ಸೇರಿತ್ತು, ಲೇಖಕರ ಹೆಸರಿಲ್ಲದೆ. 1958ರ ಶುರುವಿನಲ್ಲಿ ಅವಳು ಅದನ್ನು ಫೆಲ್ತ್ರಿನೆಲ್ಲಿ ಪ್ರಕಾಶನದ ಒಬ್ಬ ಸಂಪಾದಕನಿಗೆ ಕೊಟ್ಟಳು. ಆ ಸಂಪಾದಕನೇ ಬಸ್ಸಾನಿ. ಕೆಲವು ಪುಟ ಓದಿದಾಗಲೇ ಅವನಿಗೆ ಗೊತ್ತಾಗಿಹೋಯಿತು. ಬರೆದದ್ದು ಯಾರು ಅಂತ ಹುಡುಕಿದ, ಪಲೆರ್ಮೊಗೆ ಹೋದ, ಲಿಸಿಯನ್ನು ಕಂಡ, ಉಳಿದ ಪುಟಗಳನ್ನು ಸೇರಿಸಿದ. ನಾಲ್ಕು ವರ್ಷದ ಹಿಂದೆ ಸಾನ್ ಪೆಲ್ಲೆಗ್ರೀನೊದಲ್ಲಿ ಕೋಲು ಹಿಡಿದು ಮಾತಾಡದೆ ಕೂತಿದ್ದ ಆ ಮನುಷ್ಯನೇ ಇವನು ಅಂತ ಆಗ ಗೊತ್ತಾಯಿತು. ಪಕ್ಕದಲ್ಲೇ ಇದ್ದ, ಒಂದು ಮಾತು ಆಡಿಸಬಹುದಿತ್ತು.

1958ರ ಕೊನೆಗೆ ಪುಸ್ತಕ ಬಂತು. 1959ರಲ್ಲಿ ಇಟಲಿಯ ದೊಡ್ಡ ಸಾಹಿತ್ಯ ಪ್ರಶಸ್ತಿ ಸ್ತ್ರೇಗಾ. ಇಟಲಿಯ ಎಡಪಂಥದವರಲ್ಲಿ ಅನೇಕರು ಇದು ಜಮೀನ್ದಾರನ ಗೋಳು ಅಂತ ಬೈದರು. ಫ್ರಾನ್ಸಿನ ಸಾಹಿತಿ ಅರಾಗಾಂ, ಅವನೂ ಪಕ್ಕಾ ಕಮ್ಯುನಿಸ್ಟನೇ, ದೊಡ್ಡ ಕಾದಂಬರಿ ಅಂತ ಹೊಗಳಿದ. ಜನ ಮಾತ್ರ ಯಾರ ಮಾತಿಗೂ ಕಾಯದೆ ಕೊಂಡು ಓದಿದರು. ಈ ಯಶಸ್ಸಿನ ಭಾಗ ಎಲ್ಲ ಕಡೆ ಸಿಗುತ್ತದೆ, ನಾನು ಎಳೆಯಲ್ಲ.

ಒಟ್ಟು ಬರಹಗಾರನಾಗಿ ಇವನ ಬದುಕು ಎರಡೂವರೆ ವರ್ಷ. ಅಷ್ಟರಲ್ಲಿ ಒಂದು ಕಾದಂಬರಿ, ಬಾಲ್ಯದ ನೆನಪು, ಎರಡು ಮೂರು ಕಥೆ, ಇನ್ನೊಂದು ಕಾದಂಬರಿಯ ಮೊದಲ ಅಧ್ಯಾಯ. ಆ ಎರಡನೇ ಕಾದಂಬರಿಯನ್ನು ಶುರು ಮಾಡಿದ್ದು 1957ರಲ್ಲೇ, ಸಾಯೋ ಕೆಲವು ತಿಂಗಳ ಮುಂಚೆ. ನನ್ನದೂ ಎರಡೂವರೆಯೇ, ಆದರೆ ಅಧ್ಯಾಯ.

1957ರ ಮೇ 30ರಂದು, ಕಾಯಿಲೆ ಏನು ಅಂತ ಗೊತ್ತಾದ ಮೇಲೆ, ಹಸ್ತಪ್ರತಿಯ ಜೊತೆ ಒಬ್ಬ ಗೆಳೆಯನಿಗೆ ಒಂದು ಕಾಗದ ಬರೆದಿದ್ದಾನೆ. ಪ್ರಿನ್ಸ್ ಅಂದರೆ ನನ್ನ ಮುತ್ತಜ್ಜ, ಇಂಥ ಪಾತ್ರ ಇಂಥವರಿಂದ ಬಂತು, ಗಮನವಿಟ್ಟು ಓದು, ಒಂದೊಂದು ಪದಕ್ಕೂ ಲೆಕ್ಕ ಇದೆ, ಹೀಗೆಲ್ಲ. ಬೆಂದಿಕೊ ಎಂಬ ನಾಯಿಯ ಮೇಲೆ ಕಣ್ಣಿಡು, ಅದು ತುಂಬ ಮುಖ್ಯವಾದ ಪಾತ್ರ, ಹೆಚ್ಚು ಕಡಿಮೆ ಇಡೀ ಕಾದಂಬರಿಯ ಕೀಲಿಕೈ ಅಂತಲೂ ಇದೆ. ನಾಯಿ! ಪ್ರಿನ್ಸ್‌ನ ಸಾಕುನಾಯಿ ಒಂದಿದೆ, ದೊಡ್ಡದು, ತೋಟದಲ್ಲಿ ಹೂವಿನ ಪಾತಿ ಅಗೆದು ಹಾಳು ಮಾಡುತ್ತದೆ, ಅಷ್ಟು ಮಾತ್ರ ನನಗೆ ನೆನಪಿತ್ತು. ಕೊನೆಯ ಪುಟ ತೆಗೆದು ನೋಡಿದೆ. ಪುಸ್ತಕ ಮುಗಿಯೋದು ಆ ನಾಯಿಯ ಮೇಲೆಯೇ. ಏನಾಗುತ್ತದೆ ಅಂತ ಹೇಳಲ್ಲ, ಓದದವರಿಗೆ ಅನ್ಯಾಯವಾಗುತ್ತದೆ.

ಎರಡು ಸಲ ಓದಿದ್ದರೂ ನಾನು ಆ ನಾಯಿಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ನಿನ್ನೆ ರಾತ್ರಿಯಿಂದ ಮತ್ತೆ ಮೊದಲ ಪುಟಕ್ಕೆ ಹೋಗಿದ್ದೇನೆ, ಈ ಸಲ ಪ್ರಿನ್ಸ್ ಹಿಂದೆ ಅಲ್ಲ, ನಾಯಿ ಹಿಂದೆ. ಈಗಷ್ಟೇ ಜಪ ಮುಗಿದಿದೆ, ಬಾಗಿಲು ತೆಗೆದಿದ್ದಾರೆ, ಬೆಂದಿಕೊ ಬಾಲ ಆಡಿಸಿಕೊಂಡು ಒಳಗೆ ಬಂದ.